ಮೊದಲು ಮಾತು, ಆಮೇಲೆ ವೇದಿಕೆ: ಕ್ರೌಡ್‌ಫಂಡಿಂಗ್ ನಡೆದು ಬಂದ ದಾರಿ

ಮೊದಲ ಬಾರಿಗೆ ಜನರಿಂದ ಬಂಡವಾಳ ಕೂಡಿಸಲು ಹೊರಟ ನವೋದ್ಯಮಿಗಳು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಯಾವ ವೇದಿಕೆ ಒಳ್ಳೆಯದು, ಅದರ ಕಮಿಷನ್ ಎಷ್ಟು? ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಹಣ ಹಾಕಿದವರಿಗೆ ಏನು ಕೊಡುತ್ತೇವೆಂದು ಮಾತು ಕೊಡುತ್ತಿದ್ದೇವೆ? ಬರೀ ಕೃತಜ್ಞತೆಯೇ, ತಯಾರಾದ ವಸ್ತುವೇ, ಬಡ್ಡಿಯೇ, ಕಂಪನಿಯಲ್ಲಿ ಪಾಲೇ? ಕ್ರೌಡ್‌ಫಂಡಿಂಗ್‌ನ ಚರಿತ್ರೆಯೆಂದರೆ ಈ ನಾಲ್ಕು ಮಾತುಗಳು ಬೇರೆಬೇರೆಯಾಗಿ, ಒಂದೊಂದಕ್ಕೂ ತನ್ನದೇ ವೇದಿಕೆ, ತನ್ನದೇ ಕಾನೂನು ಹುಟ್ಟಿಕೊಂಡ ಚರಿತ್ರೆ.

ವೇದಿಕೆಗೂ ಮುಂಚೆ

1885ರಲ್ಲಿ ನ್ಯೂಯಾರ್ಕ್‌ನ ಸ್ವಾತಂತ್ರ್ಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದಾಯಿತು. ಜೋಸೆಫ್ ಪುಲಿಟ್ಜರ್ ತಮ್ಮ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಮೂಲಕ ಓದುಗರಿಗೆ ಕರೆ ಕೊಟ್ಟರು. ಎಷ್ಟೇ ಸಣ್ಣ ಮೊತ್ತ ಕೊಟ್ಟರೂ ಹೆಸರು ಪತ್ರಿಕೆಯಲ್ಲಿ ಬರುತ್ತದೆ ಎಂಬುದಷ್ಟೇ ಅವರು ಕೊಟ್ಟ ಮಾತು. ಸುಮಾರು ಐದು ತಿಂಗಳಲ್ಲಿ ಲಕ್ಷ ಡಾಲರ್‌ಗೂ ಹೆಚ್ಚು ಕೂಡಿತು. ಕೊಟ್ಟವರಲ್ಲಿ ಹೆಚ್ಚಿನವರ ಪಾಲು ಒಂದು ಡಾಲರ್‌ಗೂ ಕಡಿಮೆ.

ನಮ್ಮಲ್ಲಿ ಶ್ಯಾಮ್ ಬೆನಗಲ್ ಅವರ ‘ಮಂಥನ್’ (1976) ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಹಣ ಕೂಡಿಸಲು ಬೇಕಾದ ವ್ಯವಸ್ಥೆ ಹಾಲು ಸಹಕಾರ ಸಂಘಗಳಲ್ಲಿ ಮೊದಲೇ ಇತ್ತು. ಜನರೂ ಇದ್ದರು, ನಂಬಿಕೆಯೂ ಇತ್ತು. ಈ ಎರಡೂ ಪ್ರಯತ್ನಗಳಲ್ಲಿ ಜನ ಮೊದಲು ಕೂಡಿದ್ದರು, ಹಣ ಆಮೇಲೆ ಬಂತು.

ಎರಡು ನಿಯಮಗಳು

ಅಂತರ್ಜಾಲ ಬಂದ ಮೇಲೆ ಈ ದಾರಿ ಮೊದಲು ತೆರೆದದ್ದು ಸಂಗೀತಗಾರರಿಗೆ. ಬ್ರಿಟನ್ನಿನ ಮರಿಲಿಯನ್ ವಾದ್ಯತಂಡದ ಅಮೆರಿಕ ಪ್ರವಾಸಕ್ಕೆ 1997ರಲ್ಲಿ ಅಭಿಮಾನಿಗಳು ಸುಮಾರು 60,000 ಡಾಲರ್ ಕೂಡಿಸಿದರು. ಆರ್ಟಿಸ್ಟ್‌ಶೇರ್ ಎಂಬ ವೇದಿಕೆಯಲ್ಲಿ ಹಣ ಕೂಡಿಸಿ ಮರಿಯಾ ಶ್ನೈಡರ್ ತಂದ ಆಲ್ಬಮ್‌ಗೆ 2005ರಲ್ಲಿ ಗ್ರ್ಯಾಮಿ ಸಿಕ್ಕಿತು.

2008ರಲ್ಲಿ ಇಂಡಿಗೋಗೋ, 2009ರ ಏಪ್ರಿಲ್‌ನಲ್ಲಿ ಕಿಕ್‌ಸ್ಟಾರ್ಟರ್ ಆರಂಭವಾದವು. ಮೊದಲ ಅಭಿಯಾನ ನಡೆಸುವವರು ಇವೆರಡರ ನಡುವಣ ವ್ಯತ್ಯಾಸವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಿಕ್‌ಸ್ಟಾರ್ಟರ್‌ನದು ‘ಗುರಿ ಮುಟ್ಟಿದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ’ ಎಂಬ ನಿಯಮ. ಗುರಿ ಮುಟ್ಟದಿದ್ದರೆ ಯಾರ ಖಾತೆಯಿಂದಲೂ ಹಣ ಕಡಿತವಾಗುವುದಿಲ್ಲ. ಇಂಡಿಗೋಗೋ ‘ಬಂದಷ್ಟು ಇಟ್ಟುಕೊಳ್ಳಿ’ ಎಂಬ ಸಡಿಲ ಆಯ್ಕೆಯನ್ನೂ ಕೊಟ್ಟಿತು.

ಹೊಸಬರಿಗೆ ಸಡಿಲ ನಿಯಮವೇ ಹಿತ ಎನಿಸುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. 2,000 ರೂಪಾಯಿ ಬೆಲೆಯ ಪ್ಲಾಸ್ಟಿಕ್ ಉಪಕರಣವೊಂದನ್ನು ತಯಾರಿಸಬೇಕು ಎಂದಿಟ್ಟುಕೊಳ್ಳಿ. ಪೀಣ್ಯದಲ್ಲಿ ಡೈ ಮಾಡಿಸಲು 6 ಲಕ್ಷ. ಒಂದೊಂದರ ತಯಾರಿಕೆ, ಪ್ಯಾಕಿಂಗ್, ಸಾಗಣೆಗೆ 1,000 ರೂಪಾಯಿ. ವೇದಿಕೆಯ ಕಮಿಷನ್ ಮತ್ತು ಪಾವತಿ ಶುಲ್ಕ ಸೇರಿ ಶೇ. 10. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಸಾವಿರ ಮಂದಿ ಕೊಂಡರೆ 20 ಲಕ್ಷ ಬಂದು, ಶುಲ್ಕ ಕಳೆದು 18 ಲಕ್ಷ ಉಳಿಯುತ್ತದೆ. ಖರ್ಚು 16 ಲಕ್ಷ. ಕೈಯಲ್ಲಿ 2 ಲಕ್ಷ ಮಿಗುತ್ತದೆ. ನಾನೂರೇ ಮಂದಿ ಕೊಂಡರೆ? ಬಂದ 8 ಲಕ್ಷದಲ್ಲಿ ಶುಲ್ಕ ಕಳೆದು ಉಳಿಯುವುದು 7 ಲಕ್ಷ 20 ಸಾವಿರ. ಡೈಗೆ ಆಗಲೂ 6 ಲಕ್ಷವೇ; ಉಳಿದ ಖರ್ಚು 4 ಲಕ್ಷ. 2 ಲಕ್ಷ 80 ಸಾವಿರ ಕೈಯಿಂದ ಹೋಗುತ್ತದೆ, ನಾನೂರು ಮಂದಿಗೆ ಕೊಟ್ಟ ಮಾತು ತಲೆಯ ಮೇಲಿರುತ್ತದೆ. ಡೈ, ಅಚ್ಚು, ಕನಿಷ್ಠ ಆರ್ಡರ್ ಎಂದು ಮುಂಗಡ ಖರ್ಚಿರುವ ಯಾವುದೇ ಉತ್ಪನ್ನಕ್ಕೂ ಬಿಗಿ ನಿಯಮವೇ ರಕ್ಷಣೆ. ಬಂದಷ್ಟರಲ್ಲೇ ಕೆಲಸ ಮುಂದುವರಿಸಬಹುದಾದ ತರಬೇತಿ, ಪ್ರದರ್ಶನಗಳಂಥವಕ್ಕೆ ಮಾತ್ರ ಸಡಿಲ ನಿಯಮ ಹೊಂದುತ್ತದೆ.

ಗೆಲುವು ಕಲಿಸಿದ್ದು, ಸೋಲು ಕಲಿಸಿದ್ದು

2012ರಲ್ಲಿ ಪೆಬಲ್ ಎಂಬ ಸ್ಮಾರ್ಟ್ ವಾಚ್ ಒಂದು ಲಕ್ಷ ಡಾಲರ್ ಕೇಳಿ, 68,929 ಮಂದಿಯಿಂದ ಒಂದು ಕೋಟಿ ಡಾಲರ್‌ಗೂ ಹೆಚ್ಚು ಪಡೆಯಿತು. ಸೆಪ್ಟೆಂಬರ್‌ಗೆ ಎಂದಿದ್ದ ವಾಚುಗಳ ವಿತರಣೆ ಶುರುವಾದದ್ದು ಮಾರನೆಯ ಜನವರಿಯಲ್ಲಿ. ಪೆಬಲ್ ತಡವಾಗಿಯಾದರೂ ಮಾತು ಉಳಿಸಿಕೊಂಡಿತು. 2014ರ ಕೂಲೆಸ್ಟ್ ಕೂಲರ್ ಎಂಬ ತಂಪು ಪೆಟ್ಟಿಗೆಯ ಕಂಪನಿಗೆ ಅದು ಆಗಲಿಲ್ಲ. ಒಂದು ಕೋಟಿ 32 ಲಕ್ಷ ಡಾಲರ್ ಬಂದರೂ, ತಯಾರಿಕೆಯ ಖರ್ಚಿಗೆ ಸಾಲದಷ್ಟು ಕಡಿಮೆ ಬೆಲೆ ಇಟ್ಟಿದ್ದರಿಂದ ಕಂಪನಿ 2019ರಲ್ಲಿ ಬಾಗಿಲು ಹಾಕಿತು. ಸುಮಾರು 20,000 ಮಂದಿಗೆ ಪೆಟ್ಟಿಗೆ ತಲುಪಲೇ ಇಲ್ಲ.

ವಾರ್ಟನ್‌ನ ಪ್ರಾಧ್ಯಾಪಕ ಈಥನ್ ಮಾಲಿಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಣ ಪಡೆದ ಉತ್ಪನ್ನಗಳಲ್ಲಿ ಶೇ. 75ಕ್ಕೂ ಹೆಚ್ಚು ಹೇಳಿದ ದಿನಕ್ಕೆ ಕೈಸೇರಲಿಲ್ಲ. ಕಿಕ್‌ಸ್ಟಾರ್ಟರ್‌ನ ಸುಮಾರು ಶೇ. 9ರಷ್ಟು ಯೋಜನೆಗಳು ಕೊಟ್ಟ ಮಾತು ನಡೆಸುವುದಿಲ್ಲ ಎಂದು ಅವರ ಮುಂದಿನ ಅಧ್ಯಯನ ಹೇಳಿತು. ಮೋಸಗಾರರಿಗಿಂತ ಲೆಕ್ಕ ತಪ್ಪಿದವರೇ ಹೆಚ್ಚು ಎಂದು ನನಗನ್ನಿಸುತ್ತದೆ. ಕಿಕ್‌ಸ್ಟಾರ್ಟರ್ 2012ರಲ್ಲೇ ‘ನಾವು ಅಂಗಡಿಯಲ್ಲ’ ಎಂದು ಸಾರಿ, ಕಂಪ್ಯೂಟರಿನಲ್ಲಿ ಬಿಡಿಸಿದ ಅಂದದ ಚಿತ್ರದ ಬದಲು ಇದ್ದಂತೆಯೇ ಮಾದರಿಯನ್ನು ತೋರಿಸಬೇಕೆಂದು ವಿಧಿಸಿತು. ಇಂಥ ಕಟ್ಟುನಿಟ್ಟು ಇರುವ ವೇದಿಕೆಯನ್ನು ಕಿರಿಕಿರಿ ಎಂದುಕೊಳ್ಳಬಾರದು. ಹಣ ಹಾಕುವವರ ನಂಬಿಕೆ ನಿಂತಿರುವುದೇ ಅದರ ಮೇಲೆ.

ಪಾಲು ಮತ್ತು ಸಾಲ

ಕಿಕ್‌ಸ್ಟಾರ್ಟರ್‌ನಲ್ಲಿ 24 ಲಕ್ಷ ಡಾಲರ್ ಕೂಡಿಸಿದ್ದ ಆಕ್ಯುಲಸ್ ಕಂಪನಿಯನ್ನು 2014ರಲ್ಲಿ ಫೇಸ್‌ಬುಕ್ ಸುಮಾರು 200 ಕೋಟಿ ಡಾಲರ್‌ಗೆ ಕೊಂಡಿತು. ಮೊದಲು ಹಣ ಹಾಕಿದವರಿಗೆ ಅದರಲ್ಲಿ ಚಿಕ್ಕಾಸೂ ಬರಲಿಲ್ಲ. ಅವರಿಗೆ ಕೊಟ್ಟ ಮಾತಿನಲ್ಲಿ ಪಾಲು ಇರಲೇ ಇಲ್ಲ. ಹಾಗಾದರೆ ಜನಸಾಮಾನ್ಯರು ಪಾಲುದಾರರೂ ಆಗಬಾರದೇಕೆ ಎಂಬ ಪ್ರಶ್ನೆ ಜೋರಾಯಿತು. ಬ್ರಿಟನ್ನಿನಲ್ಲಿ ಕ್ರೌಡ್‌ಕ್ಯೂಬ್ 2011ರಿಂದಲೇ ಆ ಅವಕಾಶ ಕೊಟ್ಟಿತ್ತು. ಅಮೆರಿಕದಲ್ಲಿ 2012ರ ಜಾಬ್ಸ್ ಕಾಯ್ದೆಯ ಆಧಾರದ ಮೇಲೆ ರೂಪುಗೊಂಡ ನಿಯಮಗಳು 2016ರ ಮೇ ತಿಂಗಳಲ್ಲಿ ಜಾರಿಗೆ ಬಂದವು. ವರ್ಷಕ್ಕೆ ಕೂಡಿಸಬಹುದಾದ ಮಿತಿ ಅಲ್ಲಿ 2021ರಿಂದ 50 ಲಕ್ಷ ಡಾಲರ್.

ಭಾರತದಲ್ಲಿ ಆ ಬಾಗಿಲು ತೆರೆದಿಲ್ಲ. ಸೆಬಿ 2014ರಲ್ಲಿ ಚರ್ಚಾಪತ್ರ ಹೊರಡಿಸಿತು. 2016ರಲ್ಲಿ ಅನುಮತಿಯಿಲ್ಲದ ಡಿಜಿಟಲ್ ವೇದಿಕೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಖಾಸಗಿಯಾಗಿ ಷೇರು ನೀಡಲು ವರ್ಷಕ್ಕೆ ಸಾಮಾನ್ಯವಾಗಿ 200 ಮಂದಿಯನ್ನಷ್ಟೇ ಆಹ್ವಾನಿಸಬಹುದು. ಸಾರ್ವಜನಿಕ ಜಾಹೀರಾತು ಕೊಡುವಂತಿಲ್ಲ. ಜಾಲತಾಣದಲ್ಲಿ ‘ನಮ್ಮ ಕಂಪನಿಯ ಪಾಲು ಕೊಳ್ಳಿ’ ಎಂದು ಕರೆಯುವುದು ಕಾನೂನಿಗೆ ವಿರುದ್ಧ. ಸಾಲದ ವೇದಿಕೆಗಳಿಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿತು. ಅಂಥ ವೇದಿಕೆಗಳೆಲ್ಲ ಸೇರಿ ಒಬ್ಬ ಸಾಲಗಾರನಿಗೆ ಕೊಡಬಹುದಾದದ್ದು 10 ಲಕ್ಷ ರೂಪಾಯಿ.

ನಮ್ಮ ನವೋದ್ಯಮಿಗೆ ಉಳಿದದ್ದೇನು?

ಮೊದಲ ಅಭಿಯಾನಕ್ಕೆ ಉಳಿಯುವ ದಾರಿ ಹೆಚ್ಚಾಗಿ ಒಂದೇ: ವಸ್ತುವನ್ನು ಮುಂಗಡವಾಗಿ ಮಾರುವುದು. ಇಲ್ಲೂ ಮೂರು ಸಂಗತಿ ಗಮನಿಸಬೇಕು. ಒಂದು, ಅಭಿಯಾನ ನಡೆಸಲು ಕಿಕ್‌ಸ್ಟಾರ್ಟರ್ ಅನುಮತಿಸುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ; ಪಟ್ಟಿಯಲ್ಲಿರುವ ದೇಶದಲ್ಲಿ ನೆಲೆಯೂ ಬ್ಯಾಂಕ್ ಖಾತೆಯೂ ಬೇಕು. ಎರಡು, ಭಾರತೀಯ ವೇದಿಕೆಗಳ ಸ್ವಭಾವ ಬೇರೆ. 2010ರಲ್ಲಿ ಬೆಂಗಳೂರಿನಲ್ಲಿ ಕಿರುಸಾಲದಿಂದ ಆರಂಭವಾದ ಮಿಲಾಪ್, ಮುಂಬೈಯ ಕೆಟ್ಟೊ ಮುಖ್ಯವಾಗಿ ಚಿಕಿತ್ಸೆ ಮತ್ತು ದಾನದ ವೇದಿಕೆಗಳಾಗಿ ಬೆಳೆದಿವೆ. ಅಲ್ಲಿಗೆ ಬರುವವರು ನೆರವು ನೀಡಲು ಬರುತ್ತಾರೆ, ಉತ್ಪನ್ನ ಹುಡುಕಿಕೊಂಡಲ್ಲ. ಮೂರು, ಕಂಪನಿ ಠೇವಣಿ ನಿಯಮಗಳ ಪ್ರಕಾರ ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಸರಕಿನ ಲೆಕ್ಕಕ್ಕೆ ಹೊಂದಿಸದಿದ್ದರೆ ಅದನ್ನು ಠೇವಣಿ ಎಂದೇ ಪರಿಗಣಿಸಲಾಗುತ್ತದೆ. ಮಾಲಿಕ್ ಹೇಳಿದ ವಿಳಂಬದ ಜೊತೆ ಇದನ್ನಿಟ್ಟು ನೋಡಿದರೆ, ದಿನಾಂಕ ಘೋಷಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕಾಣುವುದು ಏಕೆ ಮುಖ್ಯ ಎಂದು ತಿಳಿಯುತ್ತದೆ.

ವೇದಿಕೆಯೇ ಇಲ್ಲದೆ ಗೆದ್ದ ಉದಾಹರಣೆ ಕನ್ನಡದಲ್ಲೇ ಇದೆ. ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದ ಪವನ್ ಕುಮಾರ್ ‘ಲೂಸಿಯಾ’ಕ್ಕೆ (2013) ನಿರ್ಮಾಪಕರು ಸಿಗದೆ ತಮ್ಮ ಬ್ಲಾಗ್‌ನಲ್ಲಿ ಬರೆದುಕೊಂಡಾಗ, 27 ದಿನಗಳಲ್ಲಿ 110 ಮಂದಿ 51 ಲಕ್ಷ ರೂಪಾಯಿ ಹಾಕಿದರು. ಅವರ ಕೆಲಸ ನೋಡಿ ಮೆಚ್ಚಿದವರು ಆಗಲೇ ಇದ್ದರು.

ಆದ್ದರಿಂದ ಮೊದಲ ಅಭಿಯಾನ ನಡೆಸುವವರು ನಿರ್ಧಾರದ ಕ್ರಮವನ್ನು ಬದಲಿಸಿಕೊಳ್ಳಬೇಕು. ನಡೆಸಿಕೊಡಬಲ್ಲ ಮಾತು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ. ಕನಿಷ್ಠ ಎಷ್ಟು ಮಂದಿ ಕೊಂಡರೆ ಆ ಮಾತು ನಡೆಯುತ್ತದೆಂದು ಲೆಕ್ಕ ಹಾಕಿ. ಅವರಲ್ಲಿ ಎಷ್ಟು ಮಂದಿ ನಿಮಗೆ ಈಗಾಗಲೇ ಗೊತ್ತು, ಹೆಸರು ಬರೆದಿಡಿ. ಆ ಜನ ಯಾವ ದೇಶದವರು, ಹೇಗೆ ಹಣ ಪಾವತಿಸುತ್ತಾರೆ, ಗುರಿ ಮುಟ್ಟದಿದ್ದರೆ ಅವರ ಹಣ ಏನಾಗುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ ಮೇಲೆ ವೇದಿಕೆಯ ಆಯ್ಕೆ ಸುಲಭ. ಶೇ. 5 ಕಮಿಷನ್ನೋ ಶೇ. 8 ಕಮಿಷನ್ನೋ ಎಂಬ ಚೌಕಾಸಿ ಕೊನೆಗಿರಲಿ. ಮೊದಲ ಅಭಿಯಾನದಲ್ಲಿ ಗಳಿಸಬೇಕಾದದ್ದು ಎರಡನೆಯ ಬಾರಿ ಕೇಳಿದಾಗಲೂ ಹಣ ಹಾಕಲು ಮುಂದೆ ಬರುವ ಜನರನ್ನು.