ಒಂಬತ್ತನೇ ಹೆದ್ದಾರಿಯ ಹುಡುಗರು

1949ರ ಜೂನ್ 19ರಂದು ನಾರ್ತ್ ಕೆರೊಲಿನಾದ ಷಾರ್ಲಟ್ ನಗರದ ಹೊರಗೆ, ಮುಕ್ಕಾಲು ಮೈಲಿ ಸುತ್ತಿನ ಮಣ್ಣಿನ ಟ್ರ್ಯಾಕಿನಲ್ಲಿ ಒಂದು ಕಾರ್ ರೇಸ್ ನಡೆಯಿತು. ಷೋರೂಮಿನಿಂದ ಹೇಗೆ ಬಂತೋ ಹಾಗೆಯೇ ಇರುವ ಕಾರುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಇನ್ನೂರು ಸುತ್ತು ಮುಗಿದಾಗ ಗ್ಲೆನ್ ಡನವೇ ಎಂಬವನ ಫೋರ್ಡ್ ಎಲ್ಲರಿಗಿಂತ ಮುಂದಿತ್ತು. ತಪಾಸಣೆಯವರು ಕಾರಿನಡಿ ಬಗ್ಗಿ ನೋಡಿದರು, ಹಿಂದಿನ ಸ್ಪ್ರಿಂಗನ್ನು ಬಿಗಿ ಮಾಡಿಸಿದ್ದು ಕಂಡಿತು, ಗೆಲುವು ರದ್ದಾಯಿತು. ಎರಡನೆಯವನಾಗಿದ್ದ ಕ್ಯಾನ್ಸಸ್‌ನ ಜಿಮ್ ರೋಪರ್‌ಗೆ ಬಹುಮಾನ ಹೋಯಿತು. ಡನವೇ ಓಡಿಸಿದ್ದು ಕಳ್ಳಭಟ್ಟಿ ಸಾಗಿಸುವ ಕಾರು. ಕಾರಿನ ಮಾಲೀಕ ಕೋರ್ಟಿಗೂ ಹೋದ, ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಇಂದು ಲಕ್ಷಾಂತರ ಜನ ನೋಡುವ ನ್ಯಾಸ್ಕಾರ್ ಸ್ಟಾಕ್ ಕಾರ್ ರೇಸಿನ ಅಗ್ರ ಸರಣಿ ಶುರುವಾದದ್ದು ಹೀಗೆ.

ನಾನು ಸ್ಪ್ರಿಂಗಿನ ಕೆಲಸ ಮಾಡಿಯೇ ನಿವೃತ್ತನಾದವನು. ಅಪ್ಪ ತಿಪಟೂರಿನಿಂದ ಕೊಬ್ಬರಿ ಲೋಡು ಹೊಡೆಯುತ್ತಿದ್ದ ಲಾರಿ ಡ್ರೈವರ್. ಪಾಟಾ, ಅಂದರೆ ಪಟ್ಟಿಯ ಸ್ಪ್ರಿಂಗ್, ಕಟ್ಟಾಗಿ ಲಾರಿ ನಿಂತಾಗಲೆಲ್ಲ ನಮ್ಮ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತಿತ್ತು. ಎದುರಿಗೆ ಬರುವ ಲಾರಿಯ ನಡು ಎಷ್ಟು ಕುಸಿದಿದೆ ಎಂದು ನೋಡಿ ಅದರಲ್ಲಿ ಎಷ್ಟು ಲೋಡಿದೆ ಎಂದು ಅವರು ಹೇಳಿಬಿಡುತ್ತಿದ್ದರು. ನಾನು ಓದಿ, ಸಸ್ಪೆನ್ಷನ್ ವಿನ್ಯಾಸದ ಎಂಜಿನಿಯರಾಗಿ ಅಮೆರಿಕಕ್ಕೆ ಬಂದು, ಕೊನೆಗೆ ಅಟ್ಲಾಂಟಾದ ಉತ್ತರಕ್ಕಿರುವ ಕಮಿಂಗ್ ಎಂಬ ಊರಿನಲ್ಲಿ ನೆಲೆಯೂರಿದೆ. ಡನವೇಯ ಸ್ಪ್ರಿಂಗಿನ ಕಥೆ ಓದಿದ ದಿನ ನನಗೆ ಮೊದಲು ನೆನಪಾದದ್ದು ಅಪ್ಪನ ಆ ಕಣ್ಣು. ಅಬಕಾರಿಯವರ ಕಣ್ಣೂ ಅದೇ ಅಲ್ಲವೇ? ಹಿಂಭಾಗ ಕುಸಿದ ಕಾರು ಕಂಡರೆ ಅದರ ಡಿಕ್ಕಿಯಲ್ಲಿ ಸಾರಾಯಿ ಇದೆ ಎಂದರ್ಥ. ಅದಕ್ಕೇ ಭಟ್ಟಿಯವರು ಹಿಂದಿನ ಪಾಟಾವನ್ನು ಬಿಗಿ ಮಾಡಿಸುತ್ತಿದ್ದರು. ಸರಕು ತುಂಬಿದಾಗ ಕಾರು ಸಮನಾಗಿ, ಏನೂ ಇಲ್ಲದಂತೆ ನಿಲ್ಲುತ್ತಿತ್ತು. ಖಾಲಿಯಾದಾಗ ಹಿಂಭಾಗ ಮೇಲೆದ್ದು ನಿಲ್ಲುತ್ತಿತ್ತು. ಅದೇ ಬಿಗಿಯಿಂದ ಇನ್ನೊಂದು ಲಾಭವೂ ಇತ್ತು: ಮಣ್ಣಿನ ತಿರುವಿನಲ್ಲಿ ಕಾರು ಮಗ್ಗುಲಿಗೆ ವಾಲದೆ, ಹಿಂದಿನ ಚಕ್ರ ಜಾರಿಸಿಕೊಂಡು ಬೇಗ ತಿರುಗುತ್ತಿತ್ತು. ತಪಾಸಣೆಯವರು ಮಾಡಿದ್ದು ನಿಯಮದ ಪ್ರಕಾರ ಸರಿಯೇ. ಆದರೆ ಆ ನಿಯಮ ಬರುವ ಹೊತ್ತಿಗೆ ಈ ಆಟವನ್ನು ಕಟ್ಟಿದವರಲ್ಲಿ ಒಬ್ಬ ಮಣ್ಣಿನಡಿ ಸೇರಿ ಎಂಟು ವರ್ಷವಾಗುತ್ತ ಬಂದಿತ್ತು.

ನಮ್ಮೂರು ಕಮಿಂಗ್‌ನ ಮೇಲೆಯೇ ಜಾರ್ಜಿಯಾದ ಒಂಬತ್ತನೇ ಹೆದ್ದಾರಿ ಹಾಯುತ್ತದೆ. ದಕ್ಷಿಣಕ್ಕೆ ಹೋದರೆ ಆಲ್ಫರೆಟ್ಟಾ, ರಾಸ್‌ವೆಲ್, ಅಟ್ಲಾಂಟಾ. ನಮ್ಮ ಕನ್ನಡದ ಮನೆಗಳೂ ಈ ದಾರಿಯ ಎಡಬಲಕ್ಕೆ ಎಷ್ಟೋ ಇವೆ. ಉತ್ತರಕ್ಕೆ ಹೋದರೆ ಬೆಟ್ಟದ ಬುಡದಲ್ಲಿ ಡಾಸನ್‌ವಿಲ್. ನಾಲ್ಕುನೂರನೇ ಹೆದ್ದಾರಿ ಆಗುವ ಮುಂಚೆ ಡಾಸನ್ ಕೌಂಟಿಯಿಂದ ಅಟ್ಲಾಂಟಾಕ್ಕೆ ಇಳಿಯಲು ಇದೇ ದಾರಿ. ಆ ಬೆಟ್ಟದ ಸಣ್ಣ ಹೊಲಗಳಲ್ಲಿ ಬೆಳೆಯುತ್ತಿದ್ದ ಮೆಕ್ಕೆಜೋಳವನ್ನು ಕಾಳಾಗಿ ಮಾರಿದರೆ ಸಾಗಣೆಯ ಖರ್ಚೂ ಹುಟ್ಟುತ್ತಿರಲಿಲ್ಲ. ಅದನ್ನೇ ಕೊಳೆಸಿ ಭಟ್ಟಿ ಇಳಿಸಿದರೆ ಮನೆ ನಡೆಯುತ್ತಿತ್ತು. ಜಾರ್ಜಿಯಾ ರಾಜ್ಯ 1908ರಿಂದಲೇ ಪಾನನಿಷೇಧ ಜಾರಿಗೆ ತಂದಿತ್ತು, ದೇಶಕ್ಕೆಲ್ಲ ಅದು ಬಂದದ್ದು 1920ರಲ್ಲಿ. 1933ರಲ್ಲಿ ದೇಶದ ನಿಷೇಧ ಹೋದ ಮೇಲೂ ತೆರಿಗೆ ಉಳಿಯಿತು, ತೆರಿಗೆ ಕೊಡದ ಸಾರಾಯಿಗೆ ಅಟ್ಲಾಂಟಾದಲ್ಲಿ ಗಿರಾಕಿಯೂ ಉಳಿದ. ಹೆಚ್ಚು ಸರಕು ಬೇಗ ಇಳಿಯಲಿ ಎಂದು ಕೊಳೆಗೆ ಸಕ್ಕರೆ ಸುರಿಯುವುದು ರೂಢಿಯಾಯಿತು. ಮೂಟೆಗಟ್ಟಲೆ ಸಕ್ಕರೆ ಕೊಂಡವನ ಮೇಲೆ ಅಬಕಾರಿಯವರ ನಿಗಾ. ಸಕ್ಕರೆಯನ್ನು ಯಾರ ಹೆಸರಿನಲ್ಲಿ ತರುವುದು, ಯಾರ ಲೆಕ್ಕಕ್ಕೆ ಬರೆಸುವುದು ಎಂಬುದು ಆ ಬೆಟ್ಟದಲ್ಲಿ ಬಹಳ ದೊಡ್ಡ ವಿಷಯ.

1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನ ಕೊಳ್ಳುವ ಬೆಲೆಗೆ ವಿ-8 ಎಂಜಿನ್ ಕೊಟ್ಟಿತು. ಆ ದಶಕದ ಕೊನೆಯ ಹೊತ್ತಿಗೆ ಅದು 85 ಅಶ್ವಶಕ್ತಿಗೆ ಏರಿತ್ತು. 1939ರ ಫೋರ್ಡ್ ಕೂಪೆಯ ಡಿಕ್ಕಿ ದೊಡ್ಡದು. ಹಿಂದಿನ ಜಾಗವನ್ನೂ ಸೇರಿಸಿಕೊಂಡರೆ ನೂರು ಗ್ಯಾಲನ್ನಿಗೂ ಹೆಚ್ಚು ಸರಕು ಹಿಡಿಸುತ್ತಿತ್ತು. ಡಬ್ಬಿ, ಗಾಜಿನ ಜಾಡಿಯೆಲ್ಲ ಸೇರಿ ಹತ್ತಿರ ಹತ್ತಿರ ಅರ್ಧ ಟನ್ ಭಾರ. ಆ ಭಾರವನ್ನು ಹಿಂದಿನ ಆಕ್ಸಲಿನ ಮೇಲೆ ಹೊತ್ತುಕೊಂಡು, ಕತ್ತಲಲ್ಲಿ, ಬೆಟ್ಟದ ತಿರುವುಗಳಲ್ಲಿ ಪೊಲೀಸರನ್ನು ಹಿಂದೆ ಹಾಕಬೇಕು. ವೃತ್ತಿಯಿಂದ ಹೇಳುತ್ತೇನೆ, ಇದಕ್ಕಿಂತ ಕಠಿಣವಾದ ಚಾಲನಾ ಶಾಲೆಯನ್ನು ಯಾರೂ ಕಟ್ಟಲಾರರು. ಅಂಥ ಭಾರದ ಕಾರು ತಿರುವಿನಲ್ಲಿ ಒಮ್ಮೆ ಹಿಂಭಾಗ ಬೀಸಿತೆಂದರೆ ಮತ್ತೆ ಹಿಡಿತಕ್ಕೆ ಬರುವುದು ದುರ್ಲಭ. ಹಿಡಿತಕ್ಕೆ ತಂದುಕೊಂಡವರು ಬದುಕಿದರು.

ಡಾಸನ್ ಕೌಂಟಿಯ ರೇಮಂಡ್ ಪಾರ್ಕ್ಸ್ ಹದಿನಾಲ್ಕಕ್ಕೇ ಮನೆ ಬಿಟ್ಟವನು. ಭಟ್ಟಿಯಲ್ಲಿ ದುಡಿದು, ಜೈಲು ಕಂಡು, ಅಟ್ಲಾಂಟಾದಲ್ಲಿ ಸಾರಾಯಿ ವ್ಯಾಪಾರದ ಜೊತೆಗೆ ಇತರ ವ್ಯವಹಾರಗಳನ್ನೂ ಕಟ್ಟಿ, ಸೂಟು ಹ್ಯಾಟು ತೊಟ್ಟು ನಡೆಯುವ ಸಾಹುಕಾರನಾದ. ಅವನ ಕಾರುಗಳ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದವನು ಅಟ್ಲಾಂಟಾದ ಮೆಕ್ಯಾನಿಕ್ ರೆಡ್ ವೋಟ್. ನ್ಯಾಸ್ಕಾರ್ ಎಂಬ ಹೆಸರನ್ನು ಮುಂದೆ ಸೂಚಿಸಿದವನೂ ಇವನೇ ಎನ್ನುತ್ತಾರೆ. ಪಾರ್ಕ್ಸ್‌ನ ಸಂಬಂಧಿಕ ಹುಡುಗರಿಬ್ಬರು, ರಾಯ್ ಹಾಲ್ ಮತ್ತು ಲಾಯ್ಡ್ ಸೀ, ರಾತ್ರಿ ಅವನ ಸರಕು ಇಳಿಸುತ್ತಿದ್ದರು, ಹಗಲು ಅವನ ಕಾರುಗಳಲ್ಲಿ ರೇಸ್ ಓಡುತ್ತಿದ್ದರು.

ಲಾಯ್ಡ್ ಹುಟ್ಟಿದ್ದು 1919ರ ಡಿಸೆಂಬರಿನಲ್ಲಿ. ಡಾಸನ್‌ವಿಲ್ ಕಡೆ ಅವನದೊಂದು ಕಥೆ ಇಂದಿಗೂ ಓಡಾಡುತ್ತದೆ. ವೇಗಕ್ಕಾಗಿ ಪೊಲೀಸನೊಬ್ಬ ಅವನನ್ನು ನಿಲ್ಲಿಸಿದನಂತೆ. ದಂಡ ಹತ್ತು ಡಾಲರ್. ಲಾಯ್ಡ್ ಹತ್ತರ ಎರಡು ನೋಟು ಕೊಟ್ಟನಂತೆ, ವಾಪಸು ಬರುವಾಗ ನಿಲ್ಲಲು ಪುರುಸೊತ್ತಿರುವುದಿಲ್ಲ, ಅದರದ್ದೂ ಈಗಲೇ ತಗೊಳ್ಳಿ ಎಂದು. ನಡೆದದ್ದೇ ಇರಲಿ, ಕಟ್ಟಿದ್ದೇ ಇರಲಿ, ಜನ ಅವನನ್ನು ಹೇಗೆ ಕಂಡರು ಎಂಬುದಕ್ಕೆ ಇದು ಸಾಕು. ದಾಖಲೆಯಲ್ಲಿ ಇರುವುದು ಇನ್ನೂ ದೊಡ್ಡದು. 1938ರ ನವೆಂಬರಿನಲ್ಲಿ ಅಟ್ಲಾಂಟಾದ ಲೇಕ್‌ವುಡ್ ಮೈದಾನದಲ್ಲಿ, ಕೆರೆಯೊಂದನ್ನು ಸುತ್ತುವ ಒಂದು ಮೈಲಿಯ ಮಣ್ಣಿನ ಟ್ರ್ಯಾಕಿನಲ್ಲಿ ನಡೆದ ಸ್ಟಾಕ್ ಕಾರ್ ರೇಸನ್ನು ಅವನು ಗೆದ್ದ. ಆಗ ಅವನಿಗೆ ಹತ್ತೊಂಬತ್ತೂ ತುಂಬಿರಲಿಲ್ಲ.

ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ಆಗ ರೇಸ್ ಎಂದರೆ ಅರ್ಧ ಸಮುದ್ರದಂಡೆಯ ಮರಳು, ಅರ್ಧ ಪಕ್ಕದ ಡಾಂಬರು ರಸ್ತೆ. ಎರಡನ್ನೂ ಸೇರಿಸುವ ತಿರುವುಗಳಲ್ಲಿ ಮರಳು ಕೊರೆದು ಹಳ್ಳ ಬೀಳುತ್ತಿತ್ತು, ಕಾರುಗಳು ಪಲ್ಟಿ ಹೊಡೆಯುತ್ತಿದ್ದವು. 1941ರ ಬೇಸಿಗೆಯ ಒಂದು ರೇಸಿನಲ್ಲಿ ಲಾಯ್ಡ್‌ನ ಕಾರೂ ಉರುಳಿತು. ನೆಟ್ಟಗಾದ ಕೂಡಲೇ ಮತ್ತೆ ಓಡಿಸಿ ನಾಲ್ಕನೆಯವನಾಗಿ ಮುಗಿಸಿದ. ಆಗಸ್ಟ್ 24ರಂದು ಅದೇ ಬೀಚಿನಲ್ಲಿ 160 ಮೈಲಿಯ ಓಟ ಗೆದ್ದ. ಆಗಸ್ಟ್ 31ರಂದು ನಾರ್ತ್ ಕೆರೊಲಿನಾದ ಹೈ ಪಾಯಿಂಟ್‌ನಲ್ಲಿ ಗೆದ್ದ. ಅಲ್ಲಿಂದ ಅಟ್ಲಾಂಟಾಕ್ಕೆ ಬಂದು ಮರುದಿನ, ಸೆಪ್ಟೆಂಬರ್ 1ರಂದು, ಲೇಕ್‌ವುಡ್‌ನಲ್ಲಿ ಗೆದ್ದ. ಒಂಬತ್ತು ದಿನದೊಳಗೆ ಮೂರು ರಾಜ್ಯಗಳಲ್ಲಿ ಮೂರು ಗೆಲುವು: ಒಂದು ಮರಳಿನ ಮೇಲೆ, ಇನ್ನೆರಡು ಬೇರೆ ಬೇರೆ ಟ್ರ್ಯಾಕುಗಳಲ್ಲಿ. ಪ್ರತಿಯೊಂದಕ್ಕೂ ಬೇರೆ ಟೈರ್ ಒತ್ತಡ ಬೇಕು, ಬೇರೆ ಸ್ಪ್ರಿಂಗ್ ಬಿಗಿ ಬೇಕು, ಸ್ಟೀರಿಂಗ್ ಹಿಡಿಯುವ ಕೈಗೆ ಬೇರೆ ಬುದ್ಧಿ ಬೇಕು. ಇಂದಿನ ತಂಡಗಳಲ್ಲಿ ಅದಕ್ಕೆಂದೇ ಎಂಜಿನಿಯರುಗಳ ದಂಡು ಇರುತ್ತದೆ. ಅವನಿಗಿದ್ದದ್ದು ರೆಡ್ ವೋಟ್‌ನ ಗ್ಯಾರೇಜು ಮತ್ತು ಒಂಬತ್ತನೇ ಹೆದ್ದಾರಿಯ ರಾತ್ರಿಗಳು.

ಸೆಪ್ಟೆಂಬರ್ 2ರ ಬೆಳಿಗ್ಗೆ ಅವನ ಸೋದರ ಸಂಬಂಧಿಯೊಬ್ಬ ಸಕ್ಕರೆಯ ಲೆಕ್ಕ ಕೇಳಲು ಬಂದ. ಭಟ್ಟಿಗೆ ತಂದ ಸಕ್ಕರೆಯನ್ನು ಲಾಯ್ಡ್ ಆ ಸಂಬಂಧಿಯ ಸಾಲದ ಲೆಕ್ಕಕ್ಕೆ ಬರೆಸಿದ್ದನೆಂಬುದು ಜಗಳ. ಮಾತಿಗೆ ಮಾತು ಬೆಳೆದು ಬಂದೂಕು ಹೊರಬಂತು. ಲಾಯ್ಡ್‌ನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜಿಮ್‌ಗೆ ಗುಂಡು ತಗುಲಿತು, ಅವನು ಬದುಕಿಕೊಂಡ. ಲಾಯ್ಡ್ ಅಲ್ಲೇ ಹೋದ. ವಯಸ್ಸು 21. ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು.

ನನಗೆ ಈ ಸಾವು ಬರೀ ಒಂದು ಜಗಳದ ಕಥೆಯಾಗಿ ಕಾಣುವುದಿಲ್ಲ. ಹಿಂದಿನ ದಿನ ಸಾವಿರಾರು ಜನರ ಎದುರು ಗೆದ್ದು ಬಂದವನು ಮರುದಿನ ಬೆಳಿಗ್ಗೆ ಸಕ್ಕರೆ ಸಾಲದ ಲೆಕ್ಕಕ್ಕೆ ಉತ್ತರ ಹೇಳಬೇಕಾದ ಸ್ಥಿತಿಯಲ್ಲಿದ್ದ. ಅಂದಿನ ರೇಸ್ ಒಬ್ಬ ಡ್ರೈವರನ್ನು ಸಾಕುವಷ್ಟು ದೊಡ್ಡದಾಗಿರಲಿಲ್ಲ. ಬಹುಮಾನದ ಹಣ ಕೊಡದೆ ಊರು ಬಿಟ್ಟ ಸಂಘಟಕರೂ ಆ ಕಾಲದಲ್ಲಿ ಇದ್ದರು. ರೇಸಿಗೆ ಕಾರು ಕೊಟ್ಟದ್ದು ಸಾರಾಯಿ, ಎಂಜಿನ್ ಕಟ್ಟಿಸಿದ್ದು ಸಾರಾಯಿ, ಹುಡುಗನಿಗೆ ಊಟ ಹಾಕಿದ್ದೂ ಅದೇ. ರಾಯ್ ಹಾಲ್ ಕೂಡ ತನ್ನ ಒಳ್ಳೆಯ ವರ್ಷಗಳನ್ನು ಜೈಲಿನಲ್ಲಿ ಕಳೆದ.

ಮೂರು ತಿಂಗಳಿಗೆ ಅಮೆರಿಕ ಯುದ್ಧಕ್ಕೆ ಇಳಿಯಿತು, ರೇಸುಗಳು ನಿಂತವು. ಪಾರ್ಕ್ಸ್ ಯೂರೋಪಿನಲ್ಲಿ ಹೋರಾಡಿ ಮರಳಿ ಬಂದು ಮತ್ತೆ ಕಾರು ಇಳಿಸಿದ. 1947ರ ಡಿಸೆಂಬರಿನಲ್ಲಿ ಡೇಟೋನಾದ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ರೇಸ್ ಸಂಘಟಕ ಬಿಲ್ ಫ್ರಾನ್ಸ್ ಕರೆದ ಸಭೆಯಲ್ಲಿ ನ್ಯಾಸ್ಕಾರ್ ರೂಪುಗೊಂಡಿತು. 1949ರ ಸರಣಿಯ ಚಾಂಪಿಯನ್ ರೆಡ್ ಬೈರನ್, ಯುದ್ಧದಲ್ಲಿ ಕಾಲು ಜಖಂಗೊಂಡವನು, ಓಡಿಸಿದ್ದು ಪಾರ್ಕ್ಸ್‌ನ ಕಾರನ್ನೇ, ಅದನ್ನು ಸಜ್ಜುಗೊಳಿಸಿದ್ದು ರೆಡ್ ವೋಟ್. ಡಾಸನ್ ಬೆಟ್ಟದ ಸಾರಾಯಿ ದುಡ್ಡು ಹೀಗೆ ರಾಷ್ಟ್ರೀಯ ಕ್ರೀಡೆಯ ತಳಪಾಯಕ್ಕೆ ಸೇರಿತು. ಅದೇ ವರ್ಷ ಡನವೇಯ ಕಾರನ್ನು ಹೊರಗೆ ಹಾಕಿದ್ದು.

ಡಾಸನ್‌ವಿಲ್‌ನ ಹುಡುಗರು ಆಮೇಲೂ ನಿಲ್ಲಲಿಲ್ಲ. 1955ರಲ್ಲಿ ಹುಟ್ಟಿದ ಬಿಲ್ ಎಲಿಯಟ್, ಎಂಜಿನ್ ಕಟ್ಟುವ ಅಣ್ಣ ಅರ್ನಿ ಮತ್ತು ಮನೆಯವರ ಜೊತೆಗೂಡಿ ಮೇಲೆ ಬಂದ. 1985ರಲ್ಲಿ ನಾಲ್ಕು ದೊಡ್ಡ ರೇಸುಗಳಲ್ಲಿ ಮೂರನ್ನು ಗೆದ್ದವರಿಗೆಂದು ಇಟ್ಟಿದ್ದ ಹತ್ತು ಲಕ್ಷ ಡಾಲರ್ ಬಹುಮಾನವನ್ನು ಅವನು ಡಾರ್ಲಿಂಗ್ಟನ್‌ನಲ್ಲಿ ಗೆದ್ದು ಪಡೆದ. ಆ ದಿನ ಸೆಪ್ಟೆಂಬರ್ 1. ಲಾಯ್ಡ್‌ನ ಕೊನೆಯ ಗೆಲುವಿಗೆ ಸರಿಯಾಗಿ 44 ವರ್ಷ. 1987ರಲ್ಲಿ ಟಾಲಡೇಗಾದಲ್ಲಿ ಅವನು ಮುಟ್ಟಿದ ಗಂಟೆಗೆ 212.809 ಮೈಲಿ ಅರ್ಹತಾ ವೇಗವನ್ನು ಮುಂದೆ ಯಾರೂ ದಾಟದಂತೆ ಎಂಜಿನ್ನಿಗೇ ಕಡಿವಾಣ ಹಾಕಿದರು. ಅವನು ಗೆದ್ದಾಗಲೆಲ್ಲ ಊರಿನ ಪೂಲ್ ರೂಮಿನ ಮಾಡಿನ ಮೇಲಿನ ಸೈರನ್ ಕೂಗುತ್ತಿತ್ತು. ಈಗ ಅದು ಮಗ ಚೇಸ್ ಎಲಿಯಟ್ ಗೆದ್ದಾಗ ಕೂಗುತ್ತದೆ.

ಚೇಸ್ ಹದಿನೈದಕ್ಕೇ ದೊಡ್ಡ ತಂಡವೊಂದರ ಜೊತೆ ಕರಾರು ಮಾಡಿಕೊಂಡ, ಹದಿನೆಂಟಕ್ಕೆ ಎರಡನೇ ಹಂತದ ಸರಣಿಯ ಚಾಂಪಿಯನ್ನಾದ, 2020ರಲ್ಲಿ 24ರ ವಯಸ್ಸಿಗೆ ಅಗ್ರ ಸರಣಿಯ ಚಾಂಪಿಯನ್ನಾದ. ಒಂದೇ ಊರು, ಹದಿನೆಂಟರ ಇಬ್ಬರು ಹುಡುಗರು. ಒಬ್ಬನ ಹಿಂದೆ ಅಪ್ಪನ ಹೆಸರು, ಪ್ರಾಯೋಜಕರು, ತರಬೇತುದಾರರು. ಇನ್ನೊಬ್ಬನ ಹಿಂದೆ ಅಬಕಾರಿಯವರ ದೀಪ. ಚೇಸ್‌ನ ಯಶಸ್ಸನ್ನು ನಾನು ಕಡಿಮೆ ಮಾಡುತ್ತಿಲ್ಲ, ಗಂಟೆಗೆ ಇನ್ನೂರು ಮೈಲಿಯಲ್ಲಿ ಇಂಚುಗಳ ಅಂತರದಲ್ಲಿ ಓಡಿಸುವುದು ಯಾರ ಹೆಸರಿನಿಂದಲೂ ಬರುವುದಿಲ್ಲ. ಆದರೆ ಈ ಕಸುಬಿಗೆ ಸಂಬಳ, ಕರಾರು, ಗೌರವ ಇಲ್ಲದಿದ್ದಾಗ ಅದನ್ನು ಮಾಡಿ ತೋರಿಸಿದವರು ಮೊದಲು ಬರಬೇಕು.

ಷಾರ್ಲಟ್‌ನಲ್ಲಿ 2010ರಲ್ಲಿ ತೆರೆದ ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಸಾರಾಯಿಯ ಇತಿಹಾಸವನ್ನು ಮುಚ್ಚಿಟ್ಟಿಲ್ಲ. ಮೊದಲ ಐವರಲ್ಲೇ ಜೂನಿಯರ್ ಜಾನ್ಸನ್ ಇದ್ದಾನೆ. ಅಪ್ಪನ ಭಟ್ಟಿಯ ಬಳಿ ಸಿಕ್ಕಿಬಿದ್ದು ಜೈಲಿಗೆ ಹೋಗಿ ಬಂದವನು, ಒಟ್ಟು 50 ರೇಸ್ ಗೆದ್ದವನು, ಮುಂದೆ ಅಧ್ಯಕ್ಷ ರೇಗನ್ ಅವರಿಂದ ಕ್ಷಮಾದಾನ ಪಡೆದವನು. ಅವನೇ ನೆರವಾಗಿ ಕಟ್ಟಿಸಿದ ಭಟ್ಟಿಯೊಂದನ್ನು ಅಲ್ಲಿ ಪ್ರದರ್ಶನಕ್ಕೂ ಇಟ್ಟರು. 2010ರಲ್ಲಿ 96ರ ವಯಸ್ಸಿನಲ್ಲಿ ತೀರಿಕೊಂಡ ರೇಮಂಡ್ ಪಾರ್ಕ್ಸ್ ಕೂಡ 2017ರಲ್ಲಿ ಆ ಗೋಡೆ ಸೇರಿದ. ಹಾಗಾದರೆ ಲಾಯ್ಡ್‌ಗೆ ಅಡ್ಡಿಯಾಗಿರುವುದು ಸಾರಾಯಿಯಲ್ಲ, ಕ್ಯಾಲೆಂಡರು. ಸಂಸ್ಥೆ ಹುಟ್ಟುವ ಮುಂಚೆ ಸತ್ತವನಿಗೆ ಅಲ್ಲಿ ಬಾಗಿಲು ತೆರೆದಿಲ್ಲ. ಇದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 1948ಕ್ಕೆ ಮುಂಚಿನ ಡ್ರೈವರುಗಳಿಗೆಂದು ಅಲ್ಲಿ ಒಂದು ವಿಭಾಗ ಆಗಬೇಕು, ಅದರ ಮೊದಲ ಹೆಸರು ಲಾಯ್ಡ್ ಸೀ ಆಗಬೇಕು.

ಅಟ್ಲಾಂಟಾದ ನಮ್ಮ ಕನ್ನಡದ ಕುಟುಂಬಗಳು ಅಮಿಕಲೋಲಾ ಜಲಪಾತಕ್ಕೆಂದೋ, ಔಟ್‌ಲೆಟ್ ಅಂಗಡಿಗಳಿಗೆಂದೋ ಡಾಸನ್‌ವಿಲ್ ಕಡೆ ಹೋಗುತ್ತಲೇ ಇರುತ್ತವೆ. ಮುಂದಿನ ಸಲ ಅರ್ಧ ಗಂಟೆ ಬಿಡುವು ಮಾಡಿಕೊಂಡು ಊರೊಳಗಿನ ಜಾರ್ಜಿಯಾ ರೇಸಿಂಗ್ ಹಾಲ್ ಆಫ್ ಫೇಮ್ ನೋಡಿ, ಅಲ್ಲಿಂದ ಊರಿನ ಸ್ಮಶಾನಕ್ಕೆ ಹೋಗಿ. ಪಾರ್ಕ್ಸ್ ನಿಲ್ಲಿಸಿದ ಕಲ್ಲಿನ ಮೇಲೆ ಫೋರ್ಡ್ ಕೂಪೆ ಕೆತ್ತಿದೆ, ಅದರ ಕಿಟಕಿಯಲ್ಲಿ ಲಾಯ್ಡ್‌ನ ಫೋಟೊ ಕೂರಿಸಿದೆ. ಜೊತೆಯಲ್ಲಿ ಹದಿನೆಂಟು, ಇಪ್ಪತ್ತರ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಅವನ ವಯಸ್ಸು ಹೇಳಿ.