ತಗಡಿನ ಸ್ಟೇಷನ್ನಿನಿಂದ ಇಟ್ಟಿಗೆಯ ವರಸೆಗೆ

ಇಂಗ್ಲೆಂಡಿನ ಇಟ್ಟಿಗೆ ಗೋಡೆಯಲ್ಲಿ ಒಂದು ವರಸೆ, ಗಾರೆಯೂ ಸೇರಿ, ಸುಮಾರು 75 ಮಿಲಿಮೀಟರ್ ಎತ್ತರ. ಅದನ್ನು 76 ಪಟ್ಟು ಕುಗ್ಗಿಸಿದರೆ ಉಳಿಯುವುದು ಒಂದೇ ಒಂದು ಮಿಲಿಮೀಟರ್. ಮಾದರಿ ರೈಲಿನ ಪಕ್ಕದಲ್ಲಿ ಮನೆ, ಸ್ಟೇಷನ್ನು, ಗೂಡ್ಸ್ ಶೆಡ್ಡು ಕಟ್ಟುವವರು ಈ ಒಂದು ಮಿಲಿಮೀಟರಿಗೆ ಬೆಲೆ ಕೊಡುವುದನ್ನು ಕಲಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು.

ಮೊದಲಿಗೆ ಅದು ಆಟಿಕೆಯೇ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಲೈಪ್‌ಜಿಗ್ ಮೇಳದಲ್ಲಿ ನಿಗದಿತ ಅಳತೆಯ ಹಳಿಗಳನ್ನು ತಂದಿತು. ಅದರ ಸ್ಟೇಷನ್ನುಗಳೂ ನ್ಯೂರೆಂಬರ್ಗಿನ ಬಿಂಗ್ ಕಂಪನಿಯವೂ ತಗಡಿನವು. ಬಿಂಗ್‌ನ ತಗಡಿನ ಗೋಡೆಗಳ ಮೇಲೆ ಇಟ್ಟಿಗೆ, ಕಿಟಕಿಗಳನ್ನು ಬಣ್ಣದಲ್ಲಿ ಅಚ್ಚು ಹಾಕಿರುತ್ತಿದ್ದರು. ಬಾಗಿಲಿಗಿಂತ ಎಂಜಿನ್ನೇ ದೊಡ್ಡದಾಗಿದ್ದರೂ ಯಾರೂ ಕೇಳುತ್ತಿರಲಿಲ್ಲ. 1922ರಲ್ಲಿ ಬಿಂಗ್ ಕಂಪನಿಯು ಇಂಗ್ಲೆಂಡಿನ ಬ್ಯಾಸೆಟ್-ಲೋಕ್ ಕಂಪನಿಗಾಗಿ ಮೇಜಿನ ಮೇಲೆ ಓಡುವ ಪುಟ್ಟ ರೈಲು ಮಾಡಿದ ಮೇಲೆ ಮಾತು ಬದಲಾಯಿತು. ಮೇಜಿನ ಮೇಲೆ ಊರಿಗೆ ಊರನ್ನೇ ಹರಡಬಹುದೆಂಬ ಆಸೆ ಹುಟ್ಟಿತು.

ಆ ಆಸೆಗೆ ರೂಪ ಕೊಟ್ಟವರಲ್ಲಿ ಜಾನ್ ಅಹರ್ನ್ ಮುಖ್ಯರು. ಅವರ ಮ್ಯಾಡರ್ ವ್ಯಾಲಿ ರೈಲ್ವೆ ಎಂಬ ಮಾದರಿಯಲ್ಲಿ ರೈಲಿನಷ್ಟೇ ಗಮನ ಬೀದಿಗೂ ಬಂದರಿಗೂ ಸಂದಿತು. ಕಟ್ಟಡಗಳನ್ನು ರಟ್ಟು, ಕಾಗದದಲ್ಲಿ ಕಟ್ಟುವ ಕ್ರಮವನ್ನೇ ಅವರು ಪುಸ್ತಕವಾಗಿ ಬರೆದರು. ಆದರೆ ಅವರ ಊರು ಕಲ್ಪನೆಯದು. ನಿಜದ ಊರನ್ನೇ ಹಿಡಿಯಲು ಹೊರಟವರು ರಾಯ್ ಇಂಗ್ಲೆಂಡ್.

ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ದೊಡ್ಡವರಾಗಿ ಕಾಣುವುದು ಇವರೇ. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಇಂಗ್ಲೆಂಡಿಗೆ ಬಂದದ್ದು 1925ರಲ್ಲಿ. ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳಲ್ಲಿ ಹುಲ್ಲು ಹೊದಿಸಿದ ಹಳೆಯ ಮನೆಗಳು ಒಂದೊಂದಾಗಿ ರೂಪ ಕಳೆದುಕೊಳ್ಳುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ತಡೆಯುವ ಶಕ್ತಿ ಇರಲಿಲ್ಲ. ಅಳೆದು, ಬರೆದುಕೊಂಡು, ಸಣ್ಣದಾಗಿ ಕಟ್ಟಿಡುವ ತಾಳ್ಮೆ ಇತ್ತು. 1954ರಲ್ಲಿ ಲಾಂಗ್ ವಿಟೆನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಅವರ ಪೆಂಡನ್ ಮ್ಯೂಸಿಯಂ ಶುರುವಾಯಿತು. ಅಡಿಗೆ ನಾಲ್ಕು ಮಿಲಿಮೀಟರ್ ಪ್ರಮಾಣದಲ್ಲಿ ಗೋಡೆಗಳನ್ನು ರಟ್ಟಿನಲ್ಲಿ ಕತ್ತರಿಸಿ, ಇಟ್ಟಿಗೆಗಳ ಗೆರೆ ಕೊರೆದು, ಜಲವರ್ಣದಲ್ಲಿ ಇಟ್ಟಿಗೆ ಇಟ್ಟಿಗೆಗೂ ಬಣ್ಣ ಹಚ್ಚುತ್ತಾರೆ. ಗೂಡಿನಲ್ಲಿ ಬೆಂದ ಇಟ್ಟಿಗೆಗಳಲ್ಲಿ ಎರಡು ಒಂದೇ ಬಣ್ಣ ಇರುವುದಿಲ್ಲವಲ್ಲ! ಇಲ್ಲಿ ಒಂದು ಮನೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಮಯ ಹಿಡಿಯುತ್ತದೆ. ಅಹರ್ನ್ ಅವರ ಮ್ಯಾಡರ್ ವ್ಯಾಲಿಯೂ ಕೊನೆಗೆ ಸೇರಿದ್ದು ಇದೇ ಪೆಂಡನ್ನಿಗೆ.

ಅಮೆರಿಕದಲ್ಲಿ ದಾರಿ ಬೇರೆಯಾಯಿತು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್ ವೃತ್ತಿಯಿಂದ ಛಾಯಾಗ್ರಾಹಕರು. ಬೆಳಕು, ಮಸಿ, ತುಕ್ಕು ಅವರ ಕಣ್ಣಿಗೆ ಮೊದಲು ಕಾಣುತ್ತಿದ್ದವು. ಹೊಚ್ಚ ಹೊಸದಾಗಿ ಹೊಳೆಯುವ ಮಾದರಿ ಸುಳ್ಳು ಹೇಳುತ್ತದೆ ಎಂಬುದನ್ನು ಅವರ ಕೆಲಸ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹೊಗೆ ಹಿಡಿದ ಗೋಡೆ, ಮಾಸಿದ ಮರ, ಕಿಲುಬು ಇಳಿದ ತಗಡು ಕಲೆಯ ಭಾಗವಾದವು. ದೂರದ ಭ್ರಮೆ ಹುಟ್ಟಿಸಲು ಹಿಂಬದಿಯಲ್ಲಿ ಇನ್ನೂ ಚಿಕ್ಕ ಪ್ರಮಾಣದ ಕಟ್ಟಡಗಳನ್ನು ಇಡುತ್ತಿದ್ದರು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವರ ಮನೆಗೆ ಬೆಂಕಿ ಬಿದ್ದು ಅವರು ಕಟ್ಟಿದ ಮಾದರಿ ರೈಲು ಬಹುಪಾಲು ಸುಟ್ಟುಹೋಯಿತು. ಉಳಿದದ್ದು ಅವರೇ ತೆಗೆದ ಚಿತ್ರಗಳು. ಇಂದಿಗೂ ಹೊಸಬರು ಕಲಿಯುವುದು ಅವುಗಳಿಂದಲೇ. ಅದೇ ಹಾದಿಯಲ್ಲಿ ಜಾರ್ಜ್ ಸೆಲಿಯೋಸ್ 1967ರಲ್ಲಿ ಫೈನ್ ಸ್ಕೇಲ್ ಮಿನಿಯೇಚರ್ಸ್ ಶುರುಮಾಡಿ, ಮರದ ಪಟ್ಟಿ, ಪ್ಲಾಸ್ಟರ್ ಅಚ್ಚು, ಲೋಹದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಸಾಮಗ್ರಿ ಅವರದು, ದುಡಿಮೆ ಕೊಂಡವನದು.

ಪ್ಲಾಸ್ಟಿಕ್ ಇದಕ್ಕೆ ಎದುರುದಿಕ್ಕು. ಬ್ಲ್ಯಾಕ್ ಫಾರೆಸ್ಟಿನ ಗ್ಯೂಟೆನ್‌ಬಾಖ್‌ನಲ್ಲಿ ಸೋದರರಿಬ್ಬರು 1946ರಲ್ಲಿ ತೆರೆದ ಫಾಲರ್ ಕಂಪನಿಯ ಕಿಟ್‌ಗಳು ಒಂದು ಸಂಜೆಯಲ್ಲಿ ಮನೆ ಕಟ್ಟಿಸಿದವು. ಲಕ್ಷಾಂತರ ಮಕ್ಕಳು ಈ ಹವ್ಯಾಸಕ್ಕೆ ಕಾಲಿಟ್ಟದ್ದು ಇಂಥ ಕಿಟ್‌ಗಳಿಂದ, ಅದನ್ನು ಕಡೆಗಣಿಸಬಾರದು. ಆದರೂ ಒಂದೇ ಸ್ಟೇಷನ್ನು ಹತ್ತು ಮನೆಯ ಮೇಜಿನ ಮೇಲೆ ಕಂಡಾಗ ಮನಸ್ಸಿಗೆ ಏನೋ ಕೊರತೆ. ಈಗಿನ ಲೇಸರ್ ಕತ್ತರಿ, ತ್ರೀಡಿ ಪ್ರಿಂಟರ್ ಆ ಕೊರತೆಯನ್ನು ನೀಗಬಲ್ಲವು: ಯಾವ ಕಂಪನಿಯೂ ಮಾರದ ಕಟ್ಟಡವನ್ನೂ ನಾವೇ ಬರೆದು ಕತ್ತರಿಸಿಕೊಳ್ಳಬಹುದು.

ನಮಗೆ ಇದೇ ಮುಖ್ಯ. ಭಾರತದ ಬ್ರಾಡ್‌ಗೇಜ್ 1676 ಮಿಲಿಮೀಟರ್. 1:87 ಪ್ರಮಾಣದಲ್ಲಿ ಅದು 19 ಮಿಲಿಮೀಟರಿಗೂ ಹೆಚ್ಚು, ಅಂಗಡಿಯಲ್ಲಿ ಸಿಗುವ ಹಳಿ 16.5. ಇಪ್ಪತ್ತನಾಲ್ಕು ಬೋಗಿಯ ರೈಲು ನಿಲ್ಲುವ ಪ್ಲಾಟ್‌ಫಾರ್ಮು ಆ ಪ್ರಮಾಣದಲ್ಲೂ ಆರು ಮೀಟರ್ ದಾಟುತ್ತದೆ. ಹಾಗಾಗಿ ಮೊಟಕು ಮಾಡಲೇಬೇಕು. ಏನನ್ನು ಬಿಡಬೇಕೆಂದು ತೀರ್ಮಾನಿಸುವುದರಲ್ಲೇ ಕಟ್ಟುವವನ ಕೈ ಗೊತ್ತಾಗುವುದು. ಪುಣೆಯಲ್ಲಿ 1998ರಿಂದ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. ನಮ್ಮ ಕರ್ನಾಟಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಹಾದಿಯ ನಂದಿ ಹಾಲ್ಟ್‌ನಂಥ ನೂರು ವರ್ಷ ದಾಟಿದ ಪುಟ್ಟ ನಿಲ್ದಾಣದ ಕಟ್ಟಡಗಳು ಮೇಜಿನ ಮೇಲೆ ಮೊಟಕಿಲ್ಲದೆ ಕೂರುವಷ್ಟು ಅಳತೆಯವು.

ಶುರುಮಾಡಲು ದೊಡ್ಡ ಸಲಕರಣೆ ಬೇಡ. ಒಂದು ಮೀಟರ್ ಕೋಲನ್ನು ಗೋಡೆಗೆ ಒರಗಿಸಿ ಎದುರಿನಿಂದ ಫೋಟೋ ತೆಗೆಯಬೇಕು. ಕೋಲು ಮುಟ್ಟದ ಎತ್ತರಕ್ಕೆ, ಇಟ್ಟಿಗೆ ಕಾಣುವ ಕಡೆ, ಹತ್ತು ವರಸೆ ಅಳೆದುಕೊಂಡು ಸೂರಿನವರೆಗೂ ಎಣಿಸುತ್ತ ಹೋಗಬೇಕು.