'ಆಗಲ್ಲ ಸಾರ್' ಅಂದವರ ಕತೆ

ವಾಟರ್‌ಗೇಟ್ ಹಗರಣದ ಬಗ್ಗೆ ಯಾರನ್ನೇ ಕೇಳಿ, ಸಾಮಾನ್ಯವಾಗಿ ಬರೋ ಉತ್ತರ ಒಂದೇ. ವಾಷಿಂಗ್ಟನ್ ಪೋಸ್ಟಿನ ಇಬ್ಬರು ಹುಡುಗರು, ಕತ್ತಲೆ ಕಾರ್ ಪಾರ್ಕಿಂಗಿನಲ್ಲಿ ಅವರಿಗೆ ಸುದ್ದಿ ಕೊಡುತ್ತಿದ್ದ ಒಬ್ಬ ಅನಾಮಿಕ, ಕೊನೆಗೆ ಕೈ ಬೀಸಿ ಹೆಲಿಕಾಪ್ಟರ್ ಹತ್ತಿದ ಅಧ್ಯಕ್ಷ ನಿಕ್ಸನ್. ಸಿನಿಮಾ ಬೇರೆ ಬಂದಿದೆಯಲ್ಲ, ಹಾಗಾಗಿ ಕತೆ ಇಷ್ಟೇ ಅನ್ನೋ ಹಾಗೆ ಆಗಿಬಿಟ್ಟಿದೆ. ವುಡ್‌ವರ್ಡ್ ಮತ್ತು ಬರ್ನ್‌ಸ್ಟೀನ್ ಮಾಡಿದ್ದು ದೊಡ್ಡ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಎರಡು ವರ್ಷದ ಘಟನೆಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದಿದರೆ ನನಗೆ ಕಾಣೋದು ಬೇರೆಯೇ ಒಂದು ಸಾಲು. ಹೆಚ್ಚಿನವರು ಹೆಸರೇ ಕೇಳದ ಅಧಿಕಾರಿಗಳು, ಗುಮಾಸ್ತಿಕೆಯ ಮನುಷ್ಯರು, ಒಬ್ಬ ವಾಚ್‌ಮನ್. ಮೇಲಿಂದ ಬಂದ ಮಾತಿಗೆ "ಆಗಲ್ಲ ಸಾರ್" ಅಂದವರು, ಇಲ್ಲವೇ ತಮ್ಮ ಕೆಲಸವನ್ನು ಮಾಡಬೇಕಾದ ಹಾಗೆ ಮಾಡಿದವರು. ಇವತ್ತು ಅವರ ಕತೆ.

ಮೊದಲಿಗೆ ವಾಚ್‌ಮನ್. 1972ರ ಜೂನ್ 17, ಬೆಳಗಿನ ಜಾವ. ವಾಟರ್‌ಗೇಟ್ ಅನ್ನೋದು ವಾಷಿಂಗ್ಟನ್ನಿನ ಒಂದು ಕಟ್ಟಡ ಸಮೂಹ. ಅಲ್ಲಿ ಡೆಮಾಕ್ರಟಿಕ್ ಪಕ್ಷದ ಕೇಂದ್ರ ಕಚೇರಿ ಇತ್ತು. ರಾತ್ರಿ ಪಾಳಿಯಲ್ಲಿದ್ದ 24 ವರ್ಷದ ಫ್ರಾಂಕ್ ವಿಲ್ಸ್, ಬಾಗಿಲೊಂದರ ಚಿಲಕ ಬೀಳದಂತೆ ಟೇಪ್ ಅಂಟಿಸಿದ್ದನ್ನು ನೋಡಿದ. ಯಾರೋ ಕೆಲಸದವರು ಅಂಟಿಸಿರಬೇಕು ಅಂದುಕೊಂಡು ಕಿತ್ತು ಹಾಕಿದ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಮತ್ತೆ ಟೇಪ್! ಪೊಲೀಸರಿಗೆ ಫೋನ್ ಮಾಡಿದ. ಒಳಗೆ ಐದು ಜನ ಸಿಕ್ಕಿಬಿದ್ದರು. ಅವರಲ್ಲಿ ಒಬ್ಬ ಜೇಮ್ಸ್ ಮೆಕಾರ್ಡ್, ನಿಕ್ಸನ್ ಮರು ಆಯ್ಕೆ ಸಮಿತಿಯ ಭದ್ರತಾ ಉಸ್ತುವಾರಿ. ಕದಿಯೋಕೆ ಬಂದವರಲ್ಲ, ಫೋನಿಗೆ ಕದ್ದಾಲಿಕೆ ಯಂತ್ರ ಇಡೋಕೆ ಬಂದವರು.

ತಮಾಷೆ ಅಂದರೆ ನಿಕ್ಸನ್‌ಗೆ ಇದರ ಅಗತ್ಯವೇ ಇರಲಿಲ್ಲ. ಆ ವರ್ಷ ನವೆಂಬರಿನ ಚುನಾವಣೆಯಲ್ಲಿ ಆತ 50ರಲ್ಲಿ 49 ರಾಜ್ಯ ಗೆದ್ದ. ಆದರೆ ಅಧಿಕಾರದಲ್ಲಿ ಇರುವವರ ಭಯಕ್ಕೆ ಲೆಕ್ಕಾಚಾರ ಎಲ್ಲಿರುತ್ತೆ?

ಕಳ್ಳರು ಸಿಕ್ಕಿಬಿದ್ದ ಆರನೇ ದಿನ, ಜೂನ್ 23ಕ್ಕೆ, ನಿಕ್ಸನ್ ತನ್ನ ಸಿಬ್ಬಂದಿ ಮುಖ್ಯಸ್ಥ ಹಾಲ್ಡೆಮನ್ ಜೊತೆ ಕೂತು ಒಂದು ಉಪಾಯಕ್ಕೆ ಒಪ್ಪಿಗೆ ಕೊಟ್ಟ. ಸಿಐಎ ಕೈಲಿ ಎಫ್‌ಬಿಐಗೆ ಹೇಳಿಸೋದು: ಇದು ದೇಶದ ಭದ್ರತೆಯ ವಿಷಯ, ತನಿಖೆ ಮುಂದುವರಿಸಬೇಡಿ ಅಂತ. ಸಿಐಎಯ ಉಪ ನಿರ್ದೇಶಕ ವರ್ನನ್ ವಾಲ್ಟರ್ಸ್ ಅದೇ ದಿನ ಹೋಗಿ ಬಾಯಲ್ಲಿ ಹೇಳಿಯೂ ಬಂದ. ತನಿಖೆಯ ಒಂದು ಭಾಗ ಸುಮಾರು ಎರಡು ವಾರ ಕುಂಟಿತು. ಕೊನೆಗೆ ಎಫ್‌ಬಿಐ ಕಡೆಯಿಂದ, ನಿಲ್ಲಿಸಬೇಕು ಅಂದ್ರೆ ಬರೆದು ಕೊಡಿ ಅನ್ನೋ ಮಾತು ಬಂತು. ಬರೆದು ಕೊಡೋಕೆ ವಾಲ್ಟರ್ಸ್ ತಯಾರಿರಲಿಲ್ಲ. ತಡೆ ಅಲ್ಲಿಗೆ ಬಿತ್ತು. ನಮ್ಮ ಸರಕಾರಿ ಕಚೇರಿಗಳ ಪರಿಚಯ ಇರೋ ಎಲ್ಲರಿಗೂ ಈ 'ಬರೆದು ಕೊಡಿ' ಅನ್ನೋ ಮಾತಿನ ಶಕ್ತಿ ಗೊತ್ತಿರುತ್ತೆ :)

ಹಾಗಂತ ಎಫ್‌ಬಿಐಯ ಹಂಗಾಮಿ ಮುಖ್ಯಸ್ಥ ಪ್ಯಾಟ್ರಿಕ್ ಗ್ರೇ ಹೀರೋ ಏನಲ್ಲ. ಸಂಚಿನಲ್ಲಿದ್ದ ಹೋವರ್ಡ್ ಹಂಟ್‌ನ ಬೀರುವಿನಲ್ಲಿ ಸಿಕ್ಕ ಕಾಗದಗಳನ್ನು ಶ್ವೇತಭವನದವರು ತಂದು ಕೈಗಿಟ್ಟಾಗ ಆತ ಅವನ್ನು ನಾಶ ಮಾಡಿದ್ದ. ಅದು ಹೊರಬಿದ್ದು 1973ರ ಏಪ್ರಿಲಿನಲ್ಲಿ ರಾಜೀನಾಮೆ ಕೊಡಬೇಕಾಯ್ತು. ಒಂದು ಕಡೆ 'ಬರೆದು ಕೊಡಿ', ಇನ್ನೊಂದು ಕಡೆ 'ಆಯ್ತು ಸಾರ್'. ಒಬ್ಬನೇ ಮನುಷ್ಯ ಎರಡೂ ಹೇಳಬಲ್ಲ.

ನನಗೆ ತುಂಬ ಇಷ್ಟವಾದ ಪಾತ್ರ ಇನ್ನೊಬ್ಬ ವಾಲ್ಟರ್ಸ್. ಜಾನಿ ವಾಲ್ಟರ್ಸ್, ಅಮೆರಿಕದ ಆದಾಯ ತೆರಿಗೆ ಇಲಾಖೆಯ ಮುಖ್ಯಸ್ಥ. ನೇಮಿಸಿದ್ದೇ ನಿಕ್ಸನ್. 1972ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ವಕೀಲ ಜಾನ್ ಡೀನ್ ಕರೆಸಿ ಒಂದು ಪಟ್ಟಿ ಕೊಟ್ಟ. ಎದುರಾಳಿ ಮೆಕ್‌ಗವರ್ನ್‌ನ ಸಿಬ್ಬಂದಿ, ದೇಣಿಗೆ ಕೊಟ್ಟವರು, ಹೀಗೆ ನೂರಾರು ಹೆಸರು. ಇವರ ತೆರಿಗೆ ಲೆಕ್ಕ ಜಾಲಾಡಿ ಅಂತ ಅಪ್ಪಣೆ. ವಾಲ್ಟರ್ಸ್ ನೇರ ಖಜಾನೆ ಸಚಿವ ಜಾರ್ಜ್ ಶುಲ್ಟ್ಸ್ ಹತ್ತಿರ ಹೋದ. ಏನೂ ಮಾಡಬೇಡ ಅಂದರು ಶುಲ್ಟ್ಸ್. ಪಟ್ಟಿಯನ್ನು ಲಕೋಟೆಗೆ ಹಾಕಿ, ಮುದ್ರೆ ಒತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದ. ಮುಂದಿನ ವರ್ಷ ಕಾಂಗ್ರೆಸ್ಸಿನ ತೆರಿಗೆ ಸಮಿತಿಗೆ ಒಪ್ಪಿಸಿದ. ಭಾಷಣವಿಲ್ಲ, ಪತ್ರಿಕಾಗೋಷ್ಠಿಯಿಲ್ಲ. ಬರೀ ಒಂದು ಬೀಗ. ಆ ನೂರಾರು ಜನರಿಗೆ ಆವತ್ತು ತಮ್ಮ ತಲೆ ಮೇಲಿಂದ ಏನು ಹಾದುಹೋಯ್ತು ಅನ್ನೋದೇ ಗೊತ್ತಿರಲಿಲ್ಲ.

1973ರಲ್ಲಿ ಸೆನೆಟ್ ಸಮಿತಿ ವಿಚಾರಣೆ ಶುರು ಮಾಡಿತು. ಜೂನ್ ತಿಂಗಳಲ್ಲಿ ಅದೇ ಜಾನ್ ಡೀನ್ ಬಂದು, ಮುಚ್ಚಿಹಾಕೋ ಕೆಲಸದಲ್ಲಿ ಅಧ್ಯಕ್ಷರೂ ಇದ್ದರು ಅಂತ ಸಾಕ್ಷಿ ಹೇಳಿದ. ಒಬ್ಬ ವಕೀಲನ ಮಾತು, ಅದರ ವಿರುದ್ಧ ಅಮೆರಿಕದ ಅಧ್ಯಕ್ಷನ ಮಾತು. ಯಾರನ್ನು ನಂಬೋದು? ಅಲ್ಲಿಗೇ ಕೇಸು ನಿಂತುಹೋಗಬಹುದಿತ್ತು. ಆಗ ಜುಲೈ 16ಕ್ಕೆ ಶ್ವೇತಭವನದ ಮಾಜಿ ಅಧಿಕಾರಿ ಅಲೆಕ್ಸಾಂಡರ್ ಬಟರ್‌ಫೀಲ್ಡ್‌ಗೆ, ಅಧ್ಯಕ್ಷರ ಕೋಣೆಯಲ್ಲಿ ಧ್ವನಿಮುದ್ರಣ ಯಂತ್ರ ಏನಾದರೂ ಇತ್ತಾ ಅಂತ ಕೇಳಿದರು. ಇತ್ತು ಅಂದ. ಅಷ್ಟೇ. 1971ರ ಫೆಬ್ರವರಿಯಿಂದ ನಿಕ್ಸನ್ ತನ್ನದೇ ಮಾತುಕತೆಯನ್ನೆಲ್ಲ ಸೋನಿ ಟೇಪ್ ರೆಕಾರ್ಡರುಗಳಲ್ಲಿ ಮುದ್ರಿಸಿಕೊಳ್ಳುತ್ತಿದ್ದ. ಯಾರಾದರೂ ಬಾಯಿ ತೆರೆದರೆ ಸಾಕು, ಯಂತ್ರ ತಾನಾಗಿ ಓಡುತ್ತಿತ್ತು. ಒಟ್ಟು ಸುಮಾರು 3,700 ಗಂಟೆ!

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ಇದು ಸಿಸ್ಟಮ್ಮಿನ ಲಾಗ್ ಫೈಲ್. ಅಡ್ಮಿನ್ ತಾನೇ ಲಾಗಿಂಗ್ ಆನ್ ಮಾಡಿಕೊಂಡು, ಅದು ಓಡುತ್ತಿದೆ ಅನ್ನೋದನ್ನೇ ಮರೆತು ಕೂತ ಹಾಗೆ. (ಭಾರತಕ್ಕೂ ಈ ಟೇಪುಗಳಿಗೂ ಒಂದು ನಂಟಿದೆ. 1971ರ ನವೆಂಬರಿನಲ್ಲಿ, ಬಾಂಗ್ಲಾ ಯುದ್ಧಕ್ಕೆ ಮುಂಚೆ, ಇಂದಿರಾ ಗಾಂಧಿ ವಾಷಿಂಗ್ಟನ್ನಿಗೆ ಹೋದಾಗ ಅವರ ಬೆನ್ನ ಹಿಂದೆ ನಿಕ್ಸನ್ ಮತ್ತು ಕಿಸಿಂಜರ್ ಆಡಿದ ಕೀಳು ಮಾತು ನಮಗೆ 2005ರಲ್ಲಿ ಗೊತ್ತಾಗಿದ್ದೂ ಇದೇ ಯಂತ್ರದಿಂದ.)

ಈಗ ಜಗಳ ಲಾಗ್ ಯಾರಿಗೆ ಸೇರಿದ್ದು ಅನ್ನೋದು. ವಿಶೇಷ ಪ್ರಾಸಿಕ್ಯೂಟರ್ ಆರ್ಚಿಬಾಲ್ಡ್ ಕಾಕ್ಸ್ ಟೇಪು ಕೇಳಿದರು. ಕೋರ್ಟೂ ಕೊಡಿ ಅಂದಿತು. ನಿಕ್ಸನ್ ಕೊಡಲ್ಲ ಅಂದ. ಬೇಕಾದರೆ ಸಾರಾಂಶ ಬರೆದು ಕೊಡ್ತೀವಿ, ಅದು ಸರಿ ಇದೆಯಾ ಅಂತ ಸೆನೆಟರ್ ಜಾನ್ ಸ್ಟೆನ್ನಿಸ್ ಟೇಪ್ ಕೇಳಿ ಹೇಳಲಿ ಅಂತ ಒಂದು ರಾಜಿ ಸೂತ್ರ ಮುಂದಿಟ್ಟ. ಸ್ಟೆನ್ನಿಸ್ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ! ಕಾಕ್ಸ್ ಒಪ್ಪಲಿಲ್ಲ.

1973ರ ಅಕ್ಟೋಬರ್ 20, ಶನಿವಾರ ಸಂಜೆ. ಕಾಕ್ಸನ್ನು ಕಿತ್ತುಹಾಕು ಅಂತ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್‌ಗೆ ನಿಕ್ಸನ್ ಆದೇಶ ಕೊಟ್ಟ. ಕಾರಣವಿಲ್ಲದೆ ಕಾಕ್ಸ್‌ನ ತೆಗೆಯಲ್ಲ ಅಂತ ರಿಚರ್ಡ್‌ಸನ್ ಸೆನೆಟ್ಟಿಗೆ ಮಾತು ಕೊಟ್ಟಿದ್ದರು. ರಾಜೀನಾಮೆ ಕೊಟ್ಟು ಹೊರಬಂದರು. ಆಮೇಲೆ ಅವರ ಕೈಕೆಳಗಿನ ವಿಲಿಯಂ ರಕಲ್‌ಶಾಸ್ ಸರದಿ. ಆತನೂ ಆಗಲ್ಲ ಅಂದ, ಹೋದ. ಮೂರನೆಯವನು ಸಾಲಿಸಿಟರ್ ಜನರಲ್ ರಾಬರ್ಟ್ ಬೋರ್ಕ್. ಆತ ಸಹಿ ಹಾಕಿದ. ಎಲ್ಲರೂ ಹೋದರೆ ಇಲಾಖೆಯೇ ಕುಸಿಯುತ್ತೆ ಅಂತ ರಿಚರ್ಡ್‌ಸನ್ನೇ ಬೋರ್ಕ್‌ಗೆ ಉಳಿಯಲು ಹೇಳಿದ್ದರು, ಅದನ್ನೂ ಹೇಳಬೇಕು. ಆ ರಾತ್ರಿ ಎಫ್‌ಬಿಐ ಏಜೆಂಟರು ಹೋಗಿ ಪ್ರಾಸಿಕ್ಯೂಟರ್ ಕಚೇರಿಗೆ ಕಾವಲು ನಿಂತರು.

ಈ ಘಟನೆಯಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಇಬ್ಬರು ಆಗಲ್ಲ ಅಂದರೂ ಕೆಲಸ ಆಗಿಯೇ ಹೋಯ್ತು. ಮೂರನೆಯವನು ಸಿಕ್ಕಿದ. ಸಿಗದಿದ್ದರೆ ನಾಲ್ಕನೆಯವನು ಸಿಗುತ್ತಿದ್ದ. ಹಾಗಾದರೆ ಅವರ ರಾಜೀನಾಮೆಯಿಂದ ಏನು ಬಂತು? ಸದ್ದು ಬಂತು. ಲಕ್ಷಗಟ್ಟಲೆ ಟೆಲಿಗ್ರಾಂಗಳು ವಾಷಿಂಗ್ಟನ್ನಿಗೆ ಬಂದು ಬಿದ್ದವು. ಮೂರೇ ದಿನಕ್ಕೆ ನಿಕ್ಸನ್ ಟೇಪ್ ಕೊಡ್ತೀನಿ ಅಂದ. ಹೊಸ ಪ್ರಾಸಿಕ್ಯೂಟರ್ ಲಿಯೋನ್ ಜಾವೊರ್ಸ್ಕಿ ಬಂದರು. ಬಂದವರು ಇನ್ನೂ 64 ಟೇಪು ಕೇಳಿದರು! ಕೊಟ್ಟ ಟೇಪೊಂದರಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್ ಅನ್ನೋ ಸದ್ದು. ಕನಿಷ್ಠ ಐದು ಸಲ ಬೇರೆ ಬೇರೆಯಾಗಿ ಅಳಿಸಿದ್ದಾರೆ ಅಂತ ತಜ್ಞರು ವರದಿ ಕೊಟ್ಟರು. ಯಾರು ಅಳಿಸಿದ್ದು ಅನ್ನೋದು ಕೊನೆಗೂ ಸಾಬೀತಾಗಲಿಲ್ಲ.

1974ರ ಜುಲೈ 24ಕ್ಕೆ ಸುಪ್ರೀಂ ಕೋರ್ಟ್ 8-0 ತೀರ್ಪು ಕೊಟ್ಟಿತು: ಟೇಪು ಒಪ್ಪಿಸಿ. ಆ ಎಂಟರಲ್ಲಿ ಮೂವರು ನಿಕ್ಸನ್ ನೇಮಿಸಿದವರು, ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಬರ್ಗರ್ ಕೂಡ. ಮೂರು ದಿನದ ನಂತರ ಸಂಸದೀಯ ಸಮಿತಿ ವಾಗ್ದಂಡನೆಯ ಮೊದಲ ಆರೋಪವನ್ನು 27-11ರಲ್ಲಿ ಒಪ್ಪಿತು. ಆ 27ರಲ್ಲಿ ಆರು ಜನ ನಿಕ್ಸನ್‌ನ ಸ್ವಂತ ಪಕ್ಷದವರು. ಆಗಸ್ಟ್ 5ಕ್ಕೆ ಜೂನ್ 23ರ ಆ ಟೇಪು ಹೊರಬಂತು. ಎರಡು ದಿನ ಬಿಟ್ಟು ರಿಪಬ್ಲಿಕನ್ ಹಿರಿಯ ಬ್ಯಾರಿ ಗೋಲ್ಡ್‌ವಾಟರ್ ಇನ್ನಿಬ್ಬರ ಜೊತೆ ಹೋಗಿ, ಸೆನೆಟ್ಟಿನಲ್ಲಿ ನಿಮ್ಮ ಕಡೆ ಉಳಿದಿರೋರು ಬೆರಳೆಣಿಕೆಯಷ್ಟು ಅಂತ ತಿಳಿಸಿ ಬಂದರು. ಆಗಸ್ಟ್ 9ಕ್ಕೆ ನಿಕ್ಸನ್ ಮಾಜಿ.

ಇಲ್ಲಿಗೆ ಸಿನಿಮಾ ಮುಗಿಯುತ್ತೆ, ಇತಿಹಾಸ ಮುಗಿಯಲ್ಲ. ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 8ರಂದು, ಹೊಸ ಅಧ್ಯಕ್ಷ ಫೋರ್ಡ್ ನಿಕ್ಸನ್‌ಗೆ ಪೂರ್ತಿ ಕ್ಷಮಾದಾನ ಕೊಟ್ಟ. ಕೈಕೆಳಗಿನವರು ಜೈಲಿಗೆ ಹೋದರು. ಹಾಲ್ಡೆಮನ್, ಮಾಜಿ ಅಟಾರ್ನಿ ಜನರಲ್ ಮಿಚೆಲ್ ಕೂಡ. ಬಾಸ್ ಕ್ಯಾಲಿಫೋರ್ನಿಯಾದ ಮನೆಗೆ ಹೋದ. ಪಾರ್ಕಿಂಗಿನ ಆ ಅನಾಮಿಕ ತಾನೇ ಅಂತ ಎಫ್‌ಬಿಐಯ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್ 2005ರಲ್ಲಿ ಒಪ್ಪಿಕೊಂಡ. ಆದರೆ ಅದೇ ಫೆಲ್ಟ್, ವಾರಂಟ್ ಇಲ್ಲದೆ ಜನರ ಮನೆಗೆ ಕದ್ದು ನುಗ್ಗೋಕೆ ಏಜೆಂಟರಿಗೆ ಅನುಮತಿ ಕೊಟ್ಟಿದ್ದಕ್ಕೆ 1980ರಲ್ಲಿ ಅಪರಾಧಿ ಅಂತ ಸಾಬೀತಾಗಿದ್ದ! ಮುಂದಿನ ವರ್ಷ ರೇಗನ್ ಕ್ಷಮಿಸಿದರು. ಫ್ರಾಂಕ್ ವಿಲ್ಸ್ ಮಾತ್ರ ಆಮೇಲೆ ನೆಟ್ಟಗೆ ಒಂದು ಕೆಲಸ ಸಿಗದೆ ಒದ್ದಾಡಿ 2000ದಲ್ಲಿ ಬಡತನದಲ್ಲೇ ತೀರಿಕೊಂಡ.

ಒಳ್ಳೆಯವರನ್ನೇ ನೆಚ್ಚಿಕೊಂಡು ಕೂರೋಕಾಗಲ್ಲ ಅಂತ ಅಮೆರಿಕದವರಿಗೂ ಅನ್ನಿಸಿರಬೇಕು. 1978ರಲ್ಲಿ ಒಂದರ ಮೇಲೊಂದು ಕಾನೂನು ಬಂತು. ವಿಶೇಷ ಪ್ರಾಸಿಕ್ಯೂಟರನ್ನು ಸುಲಭಕ್ಕೆ ಕಿತ್ತುಹಾಕದ ಹಾಗೆ ಒಂದು, ದೇಶದೊಳಗಿನ ಬೇಹುಗಾರಿಕೆಗೆ ಕೋರ್ಟಿನ ಅನುಮತಿ ಬೇಕು ಅಂತ ಒಂದು, ಅಧ್ಯಕ್ಷರ ದಾಖಲೆಗಳು ದೇಶದ ಸ್ವತ್ತು ಅಂತ ಒಂದು, ಇಲಾಖೆಗಳ ಒಳಗೇ ಕಣ್ಣಿಡೋಕೆ ಇನ್ಸ್‌ಪೆಕ್ಟರ್ ಜನರಲ್‌ಗಳನ್ನು ನೇಮಿಸೋಕೆ ಇನ್ನೊಂದು. ಅಂದರೆ ಜಾನಿ ವಾಲ್ಟರ್ಸ್ ಒಬ್ಬನೇ ಬೀಗ ಹಿಡಿದು ನಿಲ್ಲಬೇಕಾಗಿಲ್ಲ, ಆತನ ಹಿಂದೆ ಕಾನೂನೂ ನಿಂತಿರಲಿ ಅಂತ.

ಅದರಲ್ಲಿ ಎಷ್ಟು ಉಳಿದಿದೆ ನೋಡಿ. ಮೊದಲನೆಯ ಕಾನೂನಿನ ಅವಧಿ 1999ರಲ್ಲಿ ಮುಗಿದಾಗ ಎರಡೂ ಪಕ್ಷದವರು ಅದನ್ನು ಹಾಗೇ ಸಾಯಲು ಬಿಟ್ಟರು. ಇಬ್ಬರಿಗೂ ಅದರ ಬಿಸಿ ತಾಗಿತ್ತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಒಂದೇ ರಾತ್ರಿ ಹದಿನೈದಕ್ಕೂ ಹೆಚ್ಚು ಇನ್ಸ್‌ಪೆಕ್ಟರ್ ಜನರಲ್‌ಗಳನ್ನು ತೆಗೆದುಹಾಕಿದರು. 30 ದಿನ ಮುಂಚೆ ಕಾರಣ ಸಮೇತ ಕಾಂಗ್ರೆಸ್ಸಿಗೆ ತಿಳಿಸಬೇಕು ಅಂತ ಕಾನೂನಿನಲ್ಲಿದೆ. ತಿಳಿಸಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು 2024ರ ಜುಲೈ 1ರ ಸುಪ್ರೀಂ ಕೋರ್ಟ್ ತೀರ್ಪು. ಸಂವಿಧಾನ ಅಧ್ಯಕ್ಷನೊಬ್ಬನಿಗೇ ಕೊಟ್ಟ ಅಧಿಕಾರ ಬಳಸಿ ಮಾಡಿದ ಕೆಲಸಕ್ಕೆ ಆತನ ಮೇಲೆ ಕ್ರಿಮಿನಲ್ ಕೇಸು ಹಾಕುವಂತೆಯೇ ಇಲ್ಲ. ಉಳಿದ ಅಧಿಕೃತ ಕೆಲಸಗಳಿಗೂ ಮೇಲ್ನೋಟಕ್ಕೆ ರಕ್ಷಣೆ ಇದೆ. ಖಾಸಗಿ ಕೆಲಸಕ್ಕಷ್ಟೇ ಇಲ್ಲ. 6-3ರ ತೀರ್ಪು. ಪ್ರತಿ ಅಧ್ಯಕ್ಷನೂ ಕುರ್ಚಿ ಇಳಿದ ಮೇಲೆ ಜೈಲಿನ ಭಯದಲ್ಲಿದ್ದರೆ ಗಟ್ಟಿ ನಿರ್ಧಾರ ತಗೊಳ್ಳೋಕಾಗಲ್ಲ ಅನ್ನೋದು ಬಹುಮತದ ವಾದ. ಅದರಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳಲ್ಲ. ಹೊಸ ಸರಕಾರ ಬಂದ ತಕ್ಷಣ ಹಳಬರ ಮೇಲೆ ಕೇಸು ಜಡಿಯೋದನ್ನು ನಾವೂ ನೋಡಿದ್ದೇವೆ. ಆದರೆ ವಾದದ ವೇಳೆ ಕೋರ್ಟಿನಲ್ಲೇ ಎದ್ದ ಒಂದು ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ: ಅಧ್ಯಕ್ಷರಿಗೆ ಮೊದಲಿಂದಲೂ ಇಂಥ ರಕ್ಷಣೆ ಇದ್ದಿದ್ದರೆ ಫೋರ್ಡ್ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟಿದ್ದಾದರೂ ಯಾಕೆ?

ಈಗ ಆ ಜೂನ್ 23ರ ಟೇಪನ್ನು ಮತ್ತೆ ಕೇಳಿಸಿಕೊಳ್ಳಿ. ಅಧ್ಯಕ್ಷ ತನ್ನ ಕೈಕೆಳಗಿನ ಸಿಐಎ ಕೈಲಿ ತನ್ನ ಕೈಕೆಳಗಿನ ಎಫ್‌ಬಿಐಗೆ ಹೇಳಿಸುತ್ತಿದ್ದಾನೆ. ಇದು ಖಾಸಗಿ ಕೆಲಸವಾ, ಅಧಿಕೃತ ಕೆಲಸವಾ? ನಿಕ್ಸನ್‌ನನ್ನು ಕೆಳಗಿಳಿಸಿದ ಲಾಗ್ ಫೈಲನ್ನು ಇವತ್ತು ಕ್ರಿಮಿನಲ್ ಕೋರ್ಟಿನಲ್ಲಿ ಸಾಕ್ಷಿ ಅಂತ ತೆರೆಯೋಕೆ ಬಿಡ್ತಾರಾ ಅನ್ನೋದೇ ಅನುಮಾನ. ವಾಗ್ದಂಡನೆಯ ದಾರಿ ಇನ್ನೂ ತೆರೆದಿದೆ ನಿಜ. ಆದರೆ 1999ರಲ್ಲಿ ಕ್ಲಿಂಟನ್, 2020 ಮತ್ತು 2021ರಲ್ಲಿ ಟ್ರಂಪ್, ಮೂರೂ ಸಲ ಸೆನೆಟ್ಟಿನಲ್ಲಿ ಮೂರನೇ ಎರಡರಷ್ಟು ಮತ ಬೀಳಲಿಲ್ಲ. ಗೋಲ್ಡ್‌ವಾಟರ್ ಥರ ಸ್ವಂತ ಪಕ್ಷದವರು ಹೋಗಿ ಬಾಗಿಲು ತಟ್ಟದಿದ್ದರೆ ಆ ದಾರಿಯಲ್ಲಿ ಯಾರೂ ಬಹಳ ದೂರ ಹೋಗೋಕಾಗಲ್ಲ.

'ವ್ಯವಸ್ಥೆ ಗೆದ್ದಿತು' ಅನ್ನೋದು ವಾಟರ್‌ಗೇಟ್ ಬಗ್ಗೆ ಎಲ್ಲರೂ ಹೇಳೋ ಮಾತು. ನನಗೆ ಕಾಣೋದು, ವ್ಯವಸ್ಥೆ ಒಂದಷ್ಟು ಜಾಗ ಕೊಟ್ಟಿತ್ತು, ಆ ಜಾಗಗಳಲ್ಲಿ ಅವತ್ತು ಕೂತವರು ಗಟ್ಟಿಯಾಗಿದ್ದರು. ಶುಲ್ಟ್ಸ್ ಬದಲು ಬೇರೆ ಸಚಿವ ಇದ್ದಿದ್ದರೆ? ಬಟರ್‌ಫೀಲ್ಡ್ ನೆನಪಿಲ್ಲ ಅಂದಿದ್ದರೆ? ಎರಡನೇ ಸಲ ಆ ಟೇಪ್ ನೋಡಿದಾಗ ವಿಲ್ಸ್ ಸುಮ್ಮನೆ ಕಿತ್ತುಹಾಕಿ ಕಾಫಿ ಕುಡಿಯೋಕೆ ಹೋಗಿದ್ದರೆ? ಕಾನೂನು ಇರಬೇಕಾದ್ದು ಇಂಥವರು ಒಂಟಿಯಾಗದ ಹಾಗೆ ನೋಡಿಕೊಳ್ಳೋಕೆ. ಅದೇ ತೆಳುವಾಗುತ್ತಾ ಹೋದರೆ 'ಆಗಲ್ಲ ಸಾರ್' ಅನ್ನೋ ಮಾತಿನ ಬೆಲೆ ಏರುತ್ತಲೇ ಹೋಗುತ್ತೆ, ಅಷ್ಟು ಬೆಲೆ ತೆರೋಕೆ ಸಿದ್ಧ ಇರೋರು ಕಮ್ಮಿಯಾಗುತ್ತಾ ಹೋಗ್ತಾರೆ. ನೀವೇನಂತೀರಿ?